ತಿಥಿ ದಿವಸದ ಕರುವಾಡು

"ಇದ ನಾನು ಉಣ್ಣಾಕಿಲ್ಲ, ಓಗು," ಎಂದು ಸಪ್ಪಲಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಸೊಪ್ಪು, ಸೊಪ್ಪು, ದಿನಾ ಸೊಪ್ಪು. ನನ್ನೇನು ಮೇಕೆ ಅಂದ್ಕಂಡಿದ್ದೀರಾ?"

ಸೊಸೆ ಮುನಿಲಕ್ಷ್ಮಮ್ಮ ಮುದ್ದೆ ಉರುಳಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ನನ್ನ ಯಾಕತ್ತೆ ಬೈತೀರಾ? ಮೀನು ಮಾಂಸ ಮುಟ್ಟಾಕಿಲ್ಲ, ಸೈವಂ ಅಂತ ಸೊಲ್ಲಿ ಮನೆ ಇಡಿದೋರು ನಿಮ್ಮ ಮಗ. ಅವರನ್ನೇ ಕೇಳಿ."

ಮಗ ಚಿನ್ನಸ್ವಾಮಿ ಗೋಡೆಯ ಕಡೆಗೆ ಮುಖ ಮಾಡಿಕೊಂಡು ಉಣ್ಣುತ್ತಿದ್ದ. "ಸ್ವಲ್ಪ ಮೆತ್ತಗೆ ಮಾತಾಡವ್ವ. ಗೋಡೆ ಆಚೆ ರಾಯರ ಮನೆ."

"ಗೋಡೆಗೂ ಎದ್ರಬೇಕಾ ನಾನು?"

ಇವರ ಊರು ಕೊಳತ್ತೂರಿನ ಕೆಳಗೆ ಕಾವೇರಿಯ ದಂಡೆಯಲ್ಲಿತ್ತು. ಮೆಟ್ಟೂರಿನಲ್ಲಿ ಅಣೆ ಎದ್ದಿತು. ಊರು, ಹೊಲ, ಮಾರಮ್ಮನ ಗುಡಿ ಎಲ್ಲ ನೀರಿನೊಳಗೆ ಹೋದವು. ಹಿರಿಯ ಮಗ ಎಲ್ಲಪ್ಪ ಸರ್ಕಾರ ಕೊಟ್ಟ ದುಡ್ಡಿನಲ್ಲಿ ಮೇಲಿನ ಕಲ್ಲುನೆಲ ಕೊಂಡು ಅಲ್ಲೇ ಉಳಿದ. ಕಿರಿಯವನು ಚಿನ್ನಸ್ವಾಮಿ ಮದರಾಸಿನಲ್ಲಿ ಚರಿತ್ರೆ ಓದಿ, ಸೇಲಂನ ಒಂದು ಕಾಲೇಜಿನಲ್ಲಿ ಟ್ಯೂಟರ್ ಆದ. ಅದೂ ಮದರಾಸು ಯೂನಿವರ್ಸಿಟಿಗೆ ಸೇರಿದ ಕಾಲೇಜೇ. ಅವರ ಕುಲದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಇವನು ಹತ್ತಿ ಅಲ್ಲೇ ಪಾಠ ಹೇಳಲು ನಿಂತಿದ್ದ. ತಾಯಿಯನ್ನೂ ಹೆಂಡತಿಯನ್ನೂ ಪಟ್ಟಣಕ್ಕೆ ಕರೆತಂದ.

ಪಟ್ಟಣದಲ್ಲಿ ಅವನಿಗೆ ಮನೆ ಸಿಗಲಿಲ್ಲ. ಕನ್ನಡದ ಹಳ್ಳಿಯವರು ಎಂದು ಒಬ್ಬರು, ಯಾವ ಜಾತಿಯೋ ಎಂದು ಇನ್ನೊಬ್ಬರು ಬಾಗಿಲು ಹಾಕಿಕೊಂಡರು. ಕೊನೆಗೆ ಕಾಲೇಜಿನ ಹಿರಿಯ ಲೆಕ್ಚರರ್ ಚೆನ್ನಕೇಶವರಾಯರು ತಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡಿದ್ದ ಎರಡು ಅಂಕಣದ ಮನೆಯನ್ನು ಕೊಟ್ಟರು. ಬಾಡಿಗೆಗೆ ಅವಸರ ಮಾಡಲಿಲ್ಲ. ಕೇಳಿದ್ದು ಒಂದೇ ಮಾತು:

"ನೀವು ಸೈವಂ ತಾನೇ? ನಮ್ಮ ಅಗ್ರಹಾರದಲ್ಲಿ ಮಾಂಸ ಮೀನು ಬೇಯಕೂಡದು."

"ಹೌದು ಸಾರ್, ಸೈವಂ," ಎಂದಿದ್ದ ಚಿನ್ನಸ್ವಾಮಿ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ, ಹೇಳಿದ ಮೇಲೆ ಅವನೇ ಒಂದು ಕ್ಷಣ ಬೆರಗಾಗಿದ್ದ. ಅಂದಿನಿಂದ ಅವನ ತಾಯಿಯ ತಟ್ಟೆಯಲ್ಲಿ ಸೊಪ್ಪು. ಅವಳ ಹೊಲವನ್ನು ಮುಳುಗಿಸಿದ ದೊರೆಗಳು ಕೂಡ ಏನು ಉಣ್ಣುತ್ತೀ ಎಂದು ಕೇಳಿರಲಿಲ್ಲ.

ಕಾಲೇಜಿನ ಮೊದಲ ದಿನಗಳು ಅವಮಾನದಲ್ಲೇ ಕಳೆದವು. ಇಂಟರ್‌ಮೀಡಿಯೆಟ್ ಕ್ಲಾಸಿಗೆ ಹೋಗಿ "ಇಸ್ಟರಿ" ಎಂದ ಕೂಡಲೇ ಹಿಂದಿನ ಬೆಂಚು "ಇಸ್ಟರಿ, ಇಸ್ಟರಿ" ಎಂದು ರಾಗ ಎಳೆಯಿತು. ಬೆಂಚಿನ ಕೆಳಗೆ ಕಾಲುಗಳು ಕುಟ್ಟತೊಡಗಿದವು. ಯಾರೋ ತಮಿಳಿನಲ್ಲಿ, "ವಾದ್ಯಾರೇ, ಮಾಡು ಎಂಗೆ ಕಟ್ಟಿರಿಕ್ಕೀಂಗೊ?" ಎಂದು ಕೇಳಿದ. ಎತ್ತನ್ನು ಎಲ್ಲಿ ಕಟ್ಟಿ ಬಂದಿರಿ ಎನ್ನುವ ಆ ಪ್ರಶ್ನೆಗೆ ಹೆಣ್ಣುಮಕ್ಕಳ ಬೆಂಚಿನಲ್ಲಿ ಕುಳಿತಿದ್ದ ಇಬ್ಬರೂ ಸೆರಗು ಬಾಯಿಗೆ ಅಡ್ಡ ಹಿಡಿದರು. ಚಿನ್ನಸ್ವಾಮಿ ಬೋರ್ಡಿನ ಕಡೆ ತಿರುಗಿ ನಿಂತು, ಗಂಟೆ ಹೊಡೆಯುವವರೆಗೆ ಬರೆದ.

ಹೊರಗೆ ಬಂದಾಗ ಕಂಬದ ಹತ್ತಿರ ಒಬ್ಬ ಕಪ್ಪನೆಯ, ಸಣಕಲು ಮನುಷ್ಯ ನಿಂತಿದ್ದ. ಇಂಗ್ಲಿಷ್ ಟ್ಯೂಟರ್ ಸಣ್ಣಯ್ಯ. ಒಂದು ವರ್ಷ ಮುಂಚೆ ಸೇರಿದವನು.

"ಬೆನ್ನು ತೋರಿಸ್ಬೇಡ," ಎಂದ, ಪರಿಚಯ ಗಿರಿಚಯ ಏನೂ ಇಲ್ಲದೆ, ಕನ್ನಡದಲ್ಲೇ. "ಬೆನ್ನು ಕಂಡ್ರೆ ನಾಯೂ ಕಚ್ತದೆ. ಬರೆಯೋದಿದ್ರೆ ಉಡುಗ್ರು ಬರೋಕೆ ಮುಂಚೆ ಓಗಿ ಬರೆದಿಟ್ಬುಡು."

"ನೀವು ನಮ್ಮ ಕಡೆಯೋರಾ?"

"ಪೆನ್ನಾಗರದ ಅತ್ರ. ನನಗೂ ಮೊದಲ್ನೇ ದಿನ ಕಾಲು ಕುಟ್ಟಿದ್ರು. ನನಗೆ ಇನ್ನೂ ಬೇರೆ ಬೇರೆ ಮಾತು ಅಂದ್ರು, ಬುಡು. ಸಾಯಂಕಾಲ ಆರನೇ ನಂಬರ್ ರೂಮಿಗೆ ಬಾ. ಖಾಲಿ ಇರ್ತದೆ."

ಆ ಖಾಲಿ ರೂಮಿನಲ್ಲಿ ಚಿನ್ನಸ್ವಾಮಿ ಮೇಷ್ಟ್ರಾಗುವುದನ್ನು ಕಲಿತ. ಸಣ್ಣಯ್ಯ ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕುಳಿತು, ಕೀಟಲೆ ಹುಡುಗನಂತೆ ಕೂಗುತ್ತಿದ್ದ, ಬೆಂಚು ಬಡಿಯುತ್ತಿದ್ದ, ಬೇಕೆಂದೇ ಕೆಮ್ಮುತ್ತಿದ್ದ. ಚಿನ್ನಸ್ವಾಮಿ ಅದರ ಮೇಲೆ ಮಾತಾಡಬೇಕು. "ಅಂಗೈ ಬಾಯಿ ಮುಂದೆ ಇಟ್ಕ. ಹಿಸ್ಟರಿ ಅನ್ನು. ಉಸಿರು ತಾಗ್ತಾ? ತಾಗ್ಲಿಲ್ಲ. ಇನ್ನೊಂದು ಸಲ. ಲೇ, ನಿಮ್ಮಪ್ಪ ನೇಗ್ಲು ಹೊಡಿಯೋವಾಗ ಎತ್ತಿಗೆ ಹೇಂಗೆ 'ಹೋ' ಅಂತಿದ್ದ? ಅಂಗೆ ಅನ್ನು." ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಹಾಜರಿ ಕೂಗುವಾಗ ಅವಸರ ಮಾಡದೆ ಒಂದೊಂದು ಮುಖ ನೋಡುವುದು, ಗಲಾಟೆ ಮಾಡುವವನನ್ನೇ ಹೆಸರು ಹಿಡಿದು ಪ್ರಶ್ನೆ ಕೇಳುವುದು, ಗೊತ್ತಿಲ್ಲದ್ದನ್ನು ನಾಳೆ ಹೇಳುತ್ತೇನೆ ಎಂದು ಒಪ್ಪಿಕೊಳ್ಳುವುದು, ಇದೆಲ್ಲ ಅಲ್ಲೇ ಕಲಿತದ್ದು. ದಸರಾ ಹೊತ್ತಿಗೆ ಕ್ಲಾಸಿನಲ್ಲಿ ಕಾಲುಗಳು ಸುಮ್ಮನಾದವು.

ರಾಯರೂ ನೆರವಾಗದೆ ಇರಲಿಲ್ಲ. ಪ್ರಿನ್ಸಿಪಾಲರಿಗೆ ಪರಿಚಯ ಮಾಡಿಸಿದವರು ಅವರೇ. ಸ್ಟಾಫ್ ರೂಮಿನ ಮೇಜಿಗೆ ಕರೆದು ಕೂರಿಸಿ, "ಏನಪ್ಪ ಹೊಸಬ, ಕಾಫಿ ತಗೋ," ಎಂದು ದಿನಾ ಕೇಳಿದವರು ಅವರೇ. ಅದೇ ಮೇಜಿಗೆ ಸಣ್ಣಯ್ಯನನ್ನೂ ಅವರು ಕರೆದಿದ್ದರು. ಸಣ್ಣಯ್ಯ ಊರಾಚೆಯ ಕೇರಿಯಲ್ಲಿ ಹುಟ್ಟಿದವನು. ಸೇರಿದ ವರ್ಷವೆಲ್ಲ ವರಾಂಡದಲ್ಲಿ ನಿಂತು ಕೊಳಾಯಿ ನೀರು ಕುಡಿದವನು. ರಾಯರು ಈ ವರ್ಷ ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ ಹಾಕಿಸಿ, "ಓದಿದವರಲ್ಲಿ ಎಂಥ ಭೇದ? ಇದು ನನ್ನ ಎಕ್ಸ್‌ಪೆರಿಮೆಂಟು," ಎಂದಿದ್ದರು. ಆ ಕುರ್ಚಿಯಲ್ಲಿ ಕೂತಾಗ ಸಣ್ಣಯ್ಯನ ಬೆನ್ನು ಯಾವತ್ತೂ ಹಿಂದಕ್ಕೆ ಒರಗಿದ್ದಿಲ್ಲ.

ಇಬ್ಬರೂ ಟ್ಯೂಟರುಗಳ ಕೆಲಸ ತಾತ್ಕಾಲಿಕವಾದದ್ದು. ಕ್ರಿಸ್ಮಸ್ ರಜಕ್ಕೆ ಮುಂಚೆ ಕಮಿಟಿ ಕೂಡುತ್ತದೆ. ಯಾರು ಖಾಯಂ, ಯಾರು ಮನೆಗೆ ಎಂದು ತೀರ್ಮಾನ. ಹೊಸಬರ ನಡತೆಯ ಬಗ್ಗೆ ಪ್ರಿನ್ಸಿಪಾಲರು ಕೇಳುವುದು ರಾಯರನ್ನು.

ಭಾನುವಾರಗಳಲ್ಲಿ ಸಣ್ಣಯ್ಯ ಮನೆಗೇ ಬರತೊಡಗಿದ. ಅಗ್ರಹಾರದ ಮೂಲೆಯಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಹಿತ್ತಲ ಸಂದಿಯಿಂದ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಮೊದಲ ದಿನವೇ ಸಪ್ಪಲಮ್ಮ ವಿಚಾರಣೆ ನಡೆಸಿದಳು.

"ಯಾವೂರಪ್ಪ?"

"ಪೆನ್ನಾಗರದ ಅತ್ರ, ಅವ್ವ."

"ಊರೊಳಗಾ, ಊರಾಚೆಗಾ?"

ಸಣ್ಣಯ್ಯ ನಕ್ಕ. "ಆಚೆಗೇ."

ಸಪ್ಪಲಮ್ಮ ಸೆರಗು ಎಳೆದುಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದು ಅವನ ಕೈಗೇ ಕೊಟ್ಟಾಗಿತ್ತು. ಅವನು ಕುಡಿದು ಇಟ್ಟ ಮೇಲೆ ಅತ್ತೆ ಲೋಟವನ್ನು ಕೋಲಿನಿಂದ ಉರುಳಿಸಿಕೊಂಡು ಹೋಗಿ ಒಲೆಯ ಕೆಂಡಕ್ಕೆ ಹಾಕಿದಳು. ಜಗಲಿಗೆ ಕಾಣುತ್ತಿತ್ತು. ಚಿನ್ನಸ್ವಾಮಿ ಪುಸ್ತಕದ ಹಾಳೆ ತಿರುವಿದ.

"ಅವ್ವಾ," ಎಂದು ಸಣ್ಣಯ್ಯ ಕೂಗಿ ಹೇಳಿದ, "ಜಾಸ್ತಿ ಸುಡಬೇಡ. ಕಲಾಯಿ ಓಗ್ತದೆ."

"ಓದ್ರೆ ಓಗ್ಲಿ, ತಿರ್ಗಾ ಆಕಿಸ್ತೀನಿ."

"ಅಂಗಾದ್ರೆ ನನಗೊಂದು ಕರಟ ಮಡಗ್ಬುಡು. ಪ್ರತಿ ವಾರ ಕಲಾಯಿಯೋನ ಎಲ್ಲಿ ಉಡುಕ್ತೀಯ?"

ಮುನಿಲಕ್ಷ್ಮಮ್ಮ ಒಳಗೆ ಅತ್ತೆಯ ಮೇಲೆ ಹರಿಹಾಯ್ದಳು. "ನಿಮ್ಮ ಮಗನಿಗೆ ಬಾಯಿ ಬರ್ಸಿದ್ದು ಆವಪ್ಪ. ನಾಚ್ಕೆ ಆಗಾಕಿಲ್ವಾ?"

"ಬಾಯಿ ಬರ್ಸಿದ್ರೆ ಬರ್ಸ್ಲಿ, ಲೋಟ ಯಾಕೆ ಕೊಡಬೇಕು?" ಎಂದಳು ಸಪ್ಪಲಮ್ಮ. ಮುಂದಿನ ಭಾನುವಾರ ಜಗಲಿಯ ಮೂಲೆಯಲ್ಲಿ ಒಂದು ಕರಟ ಬಂದು ಕುಳಿತಿತ್ತು. ಚಿನ್ನಸ್ವಾಮಿ ಅದನ್ನೂ ನೋಡದವನಂತೆ ಇದ್ದ.

ಕಾರ್ತಿಕದಲ್ಲಿ ಎಲ್ಲಪ್ಪ ಕೊಳತ್ತೂರಿನಿಂದ ಬಸ್ಸು ಹಿಡಿದು ಬಂದ. ರಾಗಿ, ಹುರುಳಿ ತಂದಿದ್ದ. ತಾಯಿಗೆ ಎಂದು ಹರಳೆಲೆಯಲ್ಲಿ ಸುತ್ತಿ, ಅದರ ಮೇಲೆ ಗೋಣಿ ಸುತ್ತಿ ಇನ್ನೊಂದು ಗಂಟನ್ನೂ ತಂದಿದ್ದ. ಕಟ್ಟು ಬಿಚ್ಚುವ ಮೊದಲೇ ಸಪ್ಪಲಮ್ಮನಿಗೆ ಗೊತ್ತಾಯಿತು. ಕರುವಾಡು, ಉಪ್ಪು ಹಾಕಿ ಒಣಗಿಸಿದ ಮೀನು.

"ಏನಣ್ಣಾ ಇದು!" ಎಂದು ಚಿನ್ನಸ್ವಾಮಿ ಬಾಗಿಲು ಮುಚ್ಚಿದ. "ಇಲ್ಲಿ ಇದನ್ನ ತರಬಾರದು ಅಂತ ಹೇಳಿರ್ಲಿಲ್ವಾ?"

"ಬಸ್ಸಿನ ಚಾವಣಿ ಮೇಲೆ ಆಕಿದ್ದೆ ಕಣಾ, ಯಾರೂ ಏನೂ ಅನ್ಲಿಲ್ಲ. ಡ್ರೈವರು ಮಾತ್ರ ನನಗೊಂದು ಕೊಡು ಅಂದ."

"ವಾಪಸ್ ತಗೊಂಡ್ ಹೋಗು."

ಸಪ್ಪಲಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಯಾವ ನೀರಿನ ಮೀನು ಇದು? ನಮ್ಮ ಒಲದ ಮೇಲೆ ನಿಂತಿರೋ ನೀರಿಂದು. ನಿಮ್ಮಪ್ಪ ಗೊಬ್ಬರ ಆಕಿದ ಮಣ್ಣು ತಿಂದು ಬೆಳೆದಿರೋದು. ಇದು ನನ್ನ ಬೆಳೆ ಕಣಾ. ರಾಗಿ ಓಯ್ತು, ಮೀನು ಬಂತು. ನನ್ನ ಬೆಳೆ ತಿನ್ನಬೇಡ ಅನ್ನಾಕೆ ಅವನ್ಯಾರು ರಾಯ?"

ಎಲ್ಲಪ್ಪ ನಕ್ಕ. ಚಿನ್ನಸ್ವಾಮಿ ಕೈಮುಗಿದ. "ಅವ್ವ, ಕಮಿಟಿ ಮುಗಿಯೋವರ್ಗೂ. ರಾಯರ ಒಂದು ಮಾತಿನ ಮೇಲೆ ನನ್ನ ಕೆಲಸ ನಿಂತಿದೆ. ಆಮೇಲೆ ಬೇರೆ ಮನೆ ಮಾಡ್ತೀನಿ."

"ಸರಿ ದಾ," ಎಂದು ಅವಳು ಗಂಟನ್ನು ರಾಗಿ ವಾಡೆಯೊಳಗೆ ಹುಗಿದಿಟ್ಟಳು.

ಅವಳು ಮಾತು ಉಳಿಸಿಕೊಳ್ಳಲಿಲ್ಲ. ಆದರೆ ಬೇಕೆಂದು ಮುರಿದದ್ದೂ ಅಲ್ಲ. ಅವಳದೇ ಒಂದು ಲೆಕ್ಕಾಚಾರ ಇತ್ತು. ಒಂದು ಭಾನುವಾರ ರಾಯರ ಮನೆಯಲ್ಲಿ ಅವರ ತಂದೆಯ ತಿಥಿ. ಬೆಳಿಗ್ಗೆಯಿಂದ ಹಿತ್ತಲಲ್ಲಿ ಸೌದೆ ಒಲೆಗಳು ಉರಿಯುತ್ತಿದ್ದವು, ವಡೆ ಕರಿಯುತ್ತಿದ್ದರು, ತುಪ್ಪ ಎಳ್ಳಿನ ಹೊಗೆ ಗೋಡೆ ದಾಟಿ ಬರುತ್ತಿತ್ತು. ಅಷ್ಟೊಂದು ಹೊಗೆಯಲ್ಲಿ ತನ್ನ ಒಂದು ಚೂರು ಮೀನಿನ ವಾಸನೆ ಯಾರಿಗೆ ಗೊತ್ತಾದೀತು ಎಂದು ಸಪ್ಪಲಮ್ಮ ಎಣಿಸಿದಳು. ವರ್ಷಕ್ಕೆ ಒಮ್ಮೆ ಸಿಗುವ ಮರೆ. ಸೊಸೆ ನೀರಿಗೆ ಹೋದ ಹೊತ್ತು ನೋಡಿ, ಎರಡು ಕರುವಾಡನ್ನು ಕೆಂಡದ ಮೇಲೆ ಹಾಕಿದಳು.

ಜಗಲಿಯಲ್ಲಿ ಚಿನ್ನಸ್ವಾಮಿ, ಸಣ್ಣಯ್ಯ ಮರುದಿನದ ಪಾಠ ಮಾತಾಡುತ್ತಿದ್ದರು. ಸಣ್ಣಯ್ಯನ ಪಕ್ಕ ಅವನ ಬಟ್ಟೆಚೀಲ. ಊರಿನಿಂದ ಹಸಿ ಕಡಲೆಕಾಯಿ ತಂದಿದ್ದ. ಮೊದಲು ಮೂಗೆತ್ತಿದವನು ಅವನೇ. "ಲೇ, ನಿಮ್ಮವ್ವ..." ಎನ್ನುವಷ್ಟರಲ್ಲಿ ಗೋಡೆಯಾಚೆ ಗದ್ದಲ ಎದ್ದಿತು. ಎಲೆಯ ಮುಂದೆ ಕೂತಿದ್ದ ಬ್ರಾಹ್ಮಣರು ಎದ್ದುಬಿಟ್ಟಿದ್ದರು. ಪಿತೃಗಳಿಗೆ ಬಡಿಸಿದ ಎಲೆಗಳು ಹಾಗೆಯೇ ಉಳಿದವು.

ರಾಯರು ಒದ್ದೆ ಮಡಿಪಂಚೆಯಲ್ಲೇ ಹಿತ್ತಲ ಬಾಗಿಲಿಗೆ ಬಂದರು. ಮಡಿ ಕೆಡುತ್ತದೆಂದು ಹತ್ತಿರ ಬಾರದೆ ದೂರದಲ್ಲೇ ನಿಂತು ಕೂಗಿದರು.

"ಚಿನ್ನಸ್ವಾಮಿ! ಏನಪ್ಪಾ ಇದು? ನಿಮ್ಮನೆಯಿಂದ ಬರ್ತಾ ಇದೆ ಇದು. ಸೈವಂ ಅಂದಿದ್ದೆಯಲ್ಲ?"

ಚಿನ್ನಸ್ವಾಮಿ ಎದ್ದು ನಿಂತ. ರಾಯರ ಕಣ್ಣು ಅವನಿಂದ ಸಣ್ಣಯ್ಯನ ಮೇಲೆ, ಸಣ್ಣಯ್ಯನಿಂದ ಚೀಲದ ಮೇಲೆ ಇಳಿಯಿತು.

"ಓ," ಎಂದರು. "ಇವನು ತಂದನೋ?"

ಅದು ಕೇಳಿದ ಪ್ರಶ್ನೆಯಲ್ಲ, ಚಾಚಿದ ಕೈ. ಹಿಡಿದುಕೊಂಡರೆ ಮನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ.

"ಊರಿಂದ ತಂದಿದ್ರು ಸಾರ್," ಎಂದ ಚಿನ್ನಸ್ವಾಮಿ. "ಅವರಿಗೆ... ಇಲ್ಲಿನ ಪದ್ಧತಿ ಗೊತ್ತಾಗ್ಲಿಲ್ಲ." ಊರಿಂದ ಎನ್ನುವಾಗ ತನಗೇ ತಿಳಿಯದ ಹಾಗೆ ಕೈ ಚೀಲದ ಕಡೆ ತೋರಿಸಿತು.

ಸಣ್ಣಯ್ಯ ಚೀಲ ಬಿಚ್ಚಿ ತೋರಿಸಬಹುದಿತ್ತು. ತೋರಿಸಲಿಲ್ಲ. ಚಿನ್ನಸ್ವಾಮಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಕ್ಲಾಸಿನಲ್ಲಿ ಹಾಜರಿ ಕೂಗುವಾಗ ನೋಡು ಎಂದು ಹೇಳಿಕೊಟ್ಟಿದ್ದ ಹಾಗೆ. ಆಮೇಲೆ ಚೀಲ ಹೆಗಲಿಗೇರಿಸಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿಯದೆ ಕಾಲಿಗೆ ಮೆಟ್ಟಿ, ಹಿತ್ತಲ ಸಂದಿಯನ್ನು ಬಿಟ್ಟು ಅಗ್ರಹಾರದ ನಡುಬೀದಿಯಲ್ಲೇ ನಡೆದುಕೊಂಡು ಹೋದ.

ನೀರು ತಂದ ಮುನಿಲಕ್ಷ್ಮಮ್ಮ ಕೊಡವನ್ನು ಇಳಿಸದೆ ಎಲ್ಲ ಕೇಳಿಸಿಕೊಂಡಳು. "ಆವಪ್ಪನ ಮೇಲೆ ಆಕಿದ್ರಾ?"

"ಇನ್ನೇನು ಮಾಡ್ಲಿ? ಬೀದಿ ಪಾಲಾಗ್ಬೇಕಿತ್ತಾ?"

"ಬೀದಿಲೇ ಇದ್ದೋರು ತಾನೇ ನಾವು? ನೀರು ನುಗ್ಗಿದಾಗ ರಾಯರು ಬಂದಿದ್ರಾ?"

ಒಳಗೆ ಸಪ್ಪಲಮ್ಮ ಅರ್ಧ ಸುಟ್ಟ ಮೀನನ್ನು ಬೂದಿಯಲ್ಲಿ ಮುಚ್ಚಿ ಕುಳಿತಿದ್ದಳು. ಮೊದಲು ಹೆದರಿದ್ದಳು, ಕೆಲಸ ಉಳಿಯಿತು ಎಂದು ತಿಳಿದು ಉಸಿರು ಬಿಟ್ಟಳು, ಆಮೇಲೆ ಏನೋ ಹೊಳೆದು ಹಣೆ ಗಂಟಾಯಿತು.

"ತಡಿ ಲಾ. ಏನಂದೆ ನೀನು? ಅವನು ತಂದ ಮೀನು ಅಂದ್ಯಾ?"

"ಹೂಂ."

"ಅಂದ್ರೆ ಆ ಕೇರಿಯೋನು ತಂದ ಮೀನ, ನನ್ನ ಒಲೆ ಮೇಲೆ, ನನ್ನ ಕೈಯಾರೆ ಸುಟ್ಟೆ ಅಂತ ಆಯ್ತಾ?"

"ಅವ್ವ..."

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಕುಲ ಕೆಡಿಸಿದ್ಯಲ್ಲೋ! ನಾಳೆ ಕೊಳತ್ತೂರಿಗೆ ಸುದ್ದಿ ಓಯ್ತದೆ. ನಾನು ಕದ್ದು ತಿಂದೆ ಅಂದ್ರೂ ಮರ್ವಾದಿ ಇತ್ತು. ಅವನ ಕೈಯಿಂದ ಈಸ್ಕಂಡು ತಿಂದೆ ಅಂದ್ಯಾ?"

ಮುನಿಲಕ್ಷ್ಮಮ್ಮ ಕೊಡ ಕುಕ್ಕಿದಳು. "ನಿಮಗೆ ಅದೇ ಚಿಂತೆನಾ ಅತ್ತೆ?"

"ಇನ್ಯಾವುದು? ಈಗ್ಲೇ ಓಗಿ ನಿಜ ಯೋಳು ಅವರಿಗೆ."

ಚಿನ್ನಸ್ವಾಮಿ ಹೋಗಲಿಲ್ಲ. ಅಂದು ಸಾಯಂಕಾಲ ಒಲೆ ಹತ್ತಲಿಲ್ಲ. ಹೊಟ್ಟೆ ನೋವು ಎಂದು ಮಲಗಿದ ಹೆಂಡತಿ, ಮರುದಿನದಿಂದ ಬಡಿಸುವಾಗ ಮಾತಾಡುವುದನ್ನು ಬಿಟ್ಟಳು.

ಸೋಮವಾರ ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಕುರ್ಚಿ ಇರಲಿಲ್ಲ. ಯಾರೂ ತೆಗೆಸಿದೆ ಎನ್ನಲಿಲ್ಲ. ಜವಾನ ಅದರ ಮೇಲೆ ನಿಂತು ವರಾಂಡದ ಜೇಡರ ಬಲೆ ತೆಗೆಯುತ್ತಿದ್ದ. ರಾಯರು ಕಾಫಿ ಆರಿಸುತ್ತಾ, ಬೇಸರದಿಂದಲೇ, "ನಾವು ಎಷ್ಟು ಮೇಲೆತ್ತಿದರೂ ಅಷ್ಟೇ ಕಣಯ್ಯ. ಎಕ್ಸ್‌ಪೆರಿಮೆಂಟ್ ಕೆಟ್ಟಿತು," ಎಂದರು. ಉಳಿದವರು ತಲೆದೂಗಿದರು. ಚಿನ್ನಸ್ವಾಮಿಯೂ ತೂಗಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಕಾಫಿ ಮಾತ್ರ ಬಿಸಿಯಾಗಿತ್ತು.

ಸಣ್ಣಯ್ಯ ಮತ್ತೆ ವರಾಂಡದಲ್ಲಿ ನಿಂತ. ಆರನೇ ನಂಬರ್ ರೂಮಿಗೆ ಬರಲಿಲ್ಲ. ಎದುರಾದಾಗ "ನಮಸ್ಕಾರ ಸಾರ್" ಎನ್ನುತ್ತಿದ್ದ, ಅಷ್ಟೇ. ಆದರೆ ಒಂದು ದಿನ ಮೆಟ್ಟಿಲ ಬಳಿ ತಡೆದು ನಿಲ್ಲಿಸಿ ಹೇಳಿದ:

"ನಾಳೆ ಎರಡನೇ ಗಂಟೆಗೆ ಪ್ರಿನ್ಸಿಪಾಲರು ನಿಮ್ಮ ಕ್ಲಾಸಿಗೆ ಬಂದು ಹಿಂದೆ ಕೂರ್ತಾರೆ. ಹೇಳದೆ ಬರ್ತಾರೆ. ಯುದ್ಧಗಳ ಪಾಠ ಬಿಟ್ಬುಡಿ, ತೆರಿಗೆ ಪಾಠ ತಗೊಳ್ಳಿ. ನೀವು ಅದನ್ನ ಚೆನ್ನಾಗಿ ಹೇಳ್ತೀರಿ."

"ಸಣ್ಣಯ್ಯ, ಅವತ್ತು ನಾನು..."

"ಕ್ಲಾಸಿದೆ ಸಾರ್ ನನಗೆ."

ಪ್ರಿನ್ಸಿಪಾಲರು ಬಂದರು. ಚಿನ್ನಸ್ವಾಮಿ ತೆರಿಗೆಯ ಪಾಠ ಹೇಳಿದ. ಹಿಂದಿನ ಬೆಂಚಿನವರೂ ಪ್ರಶ್ನೆ ಕೇಳಿದರು. ಹೊರಡುವಾಗ ಪ್ರಿನ್ಸಿಪಾಲರು ಅವನ ಭುಜ ತಟ್ಟಿದರು. ಮನೆಗೆ ಬಂದು ಅದನ್ನು ಹೇಳಿದಾಗ ಮುನಿಲಕ್ಷ್ಮಮ್ಮ ಮೊದಲ ಬಾರಿಗೆ ಬಾಯಿಬಿಟ್ಟಳು.

"ಪಾಠ ಯಾವುದು ಅಂತ ಯೋಳ್ಕೊಟ್ಟೋರು ಯಾರು?"

ಅವನು ಹೇಳಿದ. ಅವಳು ತಟ್ಟೆಯನ್ನು ಅವನ ಮುಂದೆ ಇಡದೆ ನೆಲದ ಮೇಲೆ ದೂರದಲ್ಲಿಟ್ಟು, ಬೆರಳಲ್ಲಿ ತಳ್ಳಿದಳು.

ಸಪ್ಪಲಮ್ಮನಿಗೆ ತಡೆಯಲಾಗಲಿಲ್ಲ. ಮಗ ಕಾಲೇಜಿಗೆ ಹೋಗಿದ್ದ ಒಂದು ಬೆಳಿಗ್ಗೆ, ರಾಯರು ತುಳಸಿಕಟ್ಟೆಯ ಹತ್ತಿರ ಇದ್ದಾಗ, ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದಳು. ಸೊಸೆಯೂ ಹಿಂದೆಯೇ ಬಂದಳು.

"ಸಾಮೀ, ಆ ಮೀನು ನಂದು. ನನ್ನ ದೊಡ್ಡ ಮಗ ತಂದದ್ದು. ಸುಟ್ಟೋಳೂ ನಾನೇ. ಆ ಕೇರಿಯೋನ ಕೈ ನನ್ನ ಒಲೆಗೆ ಸೋಕಿಲ್ಲ. ನನ್ನ ಕುಲದಾಣೆ."

ರಾಯರು ಕೈಯಲ್ಲಿದ್ದ ಪಂಚಪಾತ್ರೆಯನ್ನು ಕೆಳಗಿಟ್ಟರು.

"ಇದನ್ನ ಬೇರೆ ಯಾರಿಗಾದರೂ ಹೇಳಿದ್ದೀರಾ?"

"ಇಲ್ಲ ಸಾಮೀ."

"ಹೇಳಬೇಡಿ. ನಿಮ್ಮ ಮಗನ ಭವಿಷ್ಯದ ಮಾತು. ನಾನಾಗಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿಯಾಯ್ತು. ಈಗ ಅದು ಹಾಗಲ್ಲ ಹೀಗೆ ಅಂದರೆ ನನ್ನ ಮಾತಿಗೆ ಏನು ಬೆಲೆ?"

"ಆ ಸಣ್ಣಯ್ಯನ ಕೆಲಸ?" ಎಂದು ಮುನಿಲಕ್ಷ್ಮಮ್ಮ ಕೇಳಿದಳು.

"ಅವನಿಗೆ ಬೇರೆ ಕಡೆ ಸಿಗುತ್ತಮ್ಮ. ಅವರಿಗೆಲ್ಲ ಈಗ ಸರ್ಕಾರವೇ ಇದೆ," ಎಂದು ರಾಯರು ಒಳಗೆ ಹೋದರು. ಮನೆ ಬಿಡಿ ಎನ್ನಲಿಲ್ಲ. ಮೀನು ಸುಟ್ಟವಳು ಯಾರೆಂದು ತಿಳಿದ ಮೇಲೂ ಅನ್ನಲಿಲ್ಲ.

ಸಾಯಂಕಾಲ ಮುನಿಲಕ್ಷ್ಮಮ್ಮ ಅಷ್ಟನ್ನೂ ಗಂಡನ ಮುಂದೆ ಒಪ್ಪಿಸಿದಳು. "ಇನ್ನು ಎದ್ರಿಕೆ ಯಾವುದು ನಿಮಗೆ? ರಾಯರಿಗೆ ಗೊತ್ತೈತೆ. ಮನೆ ಓಗಾಕಿಲ್ಲ. ಕಮಿಟಿ ನಾಳಿದ್ದು. ಎಲ್ಲಾರ ಮುಂದೆ ನೀವೇ ಯೋಳಿ. ಯೋಳ್ದಿದ್ರೆ ನಾನು ಕೊಳತ್ತೂರಿಗೆ ಓಯ್ತೀನಿ, ನಿಮ್ಮಣ್ಣನ ಮನೆಲಿ ಕಲ್ಲು ಆಯ್ಕಂಡಿರ್ತೀನಿ."

"ಅಂಗೇ ಯೋಳು ಲಾ," ಎಂದಳು ಸಪ್ಪಲಮ್ಮ. "ಮೀನು ನಂದು ಅಂತ ಗಟ್ಟಿಯಾಗಿ ಯೋಳು."

ಮರುದಿನ ಕಾಫಿಯ ಹೊತ್ತಿಗೆ ಸ್ಟಾಫ್ ರೂಮು ತುಂಬಿತ್ತು. ಸಣ್ಣಯ್ಯ ವರಾಂಡದಲ್ಲಿ, ತೆರೆದ ಕಿಟಕಿಯ ಆಚೆ, ಕಂಬಕ್ಕೆ ಒರಗಿ ಏನೋ ಓದುತ್ತಿದ್ದ. ಚಿನ್ನಸ್ವಾಮಿ ಎದ್ದು ನಿಂತ.

"ಒಂದು ಮಾತು ಹೇಳಬೇಕು. ತಿಥಿ ದಿವಸ ಸುಟ್ಟ ಮೀನು ಸಣ್ಣಯ್ಯನವರು ತಂದದ್ದಲ್ಲ. ಅದು ನಮ್ಮನೇದು. ನಮ್ಮಣ್ಣ ತಂದದ್ದು, ನಮ್ಮವ್ವ ಸುಟ್ಟದ್ದು. ನಾನು ಸುಳ್ಳು ಹೇಳಿದೆ."

ಎಲ್ಲರೂ ರಾಯರ ಮುಖ ನೋಡಿದರು. ರಾಯರು ನಿಧಾನವಾಗಿ ಮುಗುಳ್ನಕ್ಕರು. ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿದಿರಾ?" ಎಂದರು ಉಳಿದವರಿಗೆ. "ಇದೇ ನಾನು ಪ್ರಿನ್ಸಿಪಾಲರಿಗೂ ಹೇಳಿದ್ದು. ಹುಡುಗನ ಗುಣ ಅಂಥದು. ಜೊತೆಯವನ ಅನ್ನ ಹೋಗುತ್ತೆ ಅಂತ, ಅವನ ತಪ್ಪನ್ನ ಹೆತ್ತ ತಾಯಿಯ ಮೇಲೆ ಹಾಕೋದಕ್ಕೂ ಸಿದ್ಧ. ಎಂಥ ದೊಡ್ಡ ಮನಸ್ಸು!"

"ಇಲ್ಲ ಸಾರ್, ನಿಮಗೇ ಗೊತ್ತು. ನಮ್ಮವ್ವ ನಿಮ್ಮ ಹತ್ತಿರ..."

"ಕೂತ್ಕೊಳ್ಳಪ್ಪ, ಕೂತ್ಕೊ. ಸಂಕಟ ಪಡಬೇಡ. ನಮಗೆಲ್ಲ ಅರ್ಥವಾಗುತ್ತೆ." ರಾಯರು ಅವನ ಭುಜ ಹಿಡಿದು ಕೂರಿಸಿದರು. ಗಣಿತದವರು, "ಈ ಕಾಲದಲ್ಲಿ ಯಾರು ಹೀಗೆ ಮಾಡ್ತಾರೆ?" ಎಂದರು. ತಮಿಳು ಪಂಡಿತರು "ನಲ್ಲ ಪಿಳ್ಳೆ, ಒಳ್ಳೆ ಹುಡುಗ" ಎಂದು ಬೆನ್ನು ಸವರಿದರು. ಜವಾನ ಹೊಸದಾಗಿ ತಂದ ಕಾಫಿಯನ್ನು ರಾಯರು ತಮ್ಮ ಕೈಯಾರೆ ಅವನ ಮುಂದೆ ಸರಿಸಿದರು.

ಗಂಟೆ ಹೊಡೆದ ಮೇಲೆ ಚಿನ್ನಸ್ವಾಮಿ ವರಾಂಡಕ್ಕೆ ಬಂದ. ಸಣ್ಣಯ್ಯ ಇನ್ನೂ ಅಲ್ಲೇ ಇದ್ದ.

"ಹೇಳಿದೆ ಸಣ್ಣಯ್ಯ. ನಿಜ ಹೇಳಿದೆ. ನಂಬಲಿಲ್ಲ ಅವರು."

"ಕೇಳಿಸ್ತು. ಕಿಟಕಿ ತೆಗೆದೇ ಇತ್ತಲ್ಲ."

"ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳ್ತೀನಿ."

"ಅಲ್ಲೂ ನಿಮಗೆ ಒಳ್ಳೆ ಹೆಸರು ಬರ್ತದೆ ಸಾರ್." ಸಣ್ಣಯ್ಯನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಅವತ್ತು ಹಿತ್ತಲಲ್ಲಿ ಯೋಳಿದ್ರೆ ಅದು ನಿಜ. ಇವತ್ತು ಯೋಳಿದ್ದು ನನಗೆ ಮಾಡಿದ ಉಪಕಾರ ಆಗೋಯ್ತು. ಧರ್ಮಪುರಿ ಕಡೆ ಒಂದು ಇಸ್ಕೂಲಿನಲ್ಲಿ ಜಾಗ ಐತಂತೆ. ಓಯ್ತೀನಿ. ನಿಮ್ಮ ಕ್ಲಾಸಿಗೆ ಹೊತ್ತಾಯ್ತು."

ಚಿನ್ನಸ್ವಾಮಿ ಪ್ರಿನ್ಸಿಪಾಲರ ಕೋಣೆಯ ಕಡೆ ನಾಲ್ಕು ಹೆಜ್ಜೆ ನಡೆದ. ಆಮೇಲೆ ಕ್ಲಾಸಿಗೆ ಹೋದ. ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿದರು.

ಮನೆಯಲ್ಲಿ ಹೆಂಗಸರಿಬ್ಬರೂ ಕಾದಿದ್ದರು. ಅಪರೂಪಕ್ಕೆ ಅತ್ತೆ ಸೊಸೆ ಒಂದೇ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಯೋಳ್ದಾ?" ಎಂದಳು ಸಪ್ಪಲಮ್ಮ.

"ಯೋಳ್ದೆ."

"ಎಲ್ಲಾರ ಮುಂದೆನಾ? ನನ್ನ ಮೀನು ಅಂತ?"

"ಹೂಂ."

"ಏನಂದ್ರು?"

"ಒಳ್ಳೇವ್ನು ಅಂದ್ರು."

"ಯಾರ?"

"ನನ್ನ."

ಸಪ್ಪಲಮ್ಮನ ಮುಖ ಅರಳಿತು. "ಅನ್ದೆ ಇರ್ತಾರಾ? ಅಂಗಾದ್ರೆ ಎಲ್ಲಾ ಸರಿಹೋಯ್ತಲ್ಲ. ಖಾಯಂ ಮಾಡ್ತಾರೆ ಬುಡು."

ಮುನಿಲಕ್ಷ್ಮಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಬಿಡಿಸುತ್ತಿದ್ದ ಕಾಯಿ ಕೈಯಲ್ಲೇ ಇತ್ತು.

"ಆ ಸಣ್ಣಯ್ಯನಿಗೆ ಏನಂದ್ರು?"

ಅವನು ಕೋಟು ಕಳಚಿ ಗೂಟಕ್ಕೆ ಹಾಕಿದ.

"ನಿಮ್ಮನ್ನ ಒಳ್ಳೇವ್ನು ಅಂದ ಮೇಲೆ ನೀವು ಏನು ಮಾಡಿದ್ರಿ? ಎದ್ದು ಬಂದ್ರಾ?"

"ಕೂರಿಸಿದ್ರು."

"ಕುಂತ್ರಾ?"

"ಭುಜ ಹಿಡಿದು ಕೂರಿಸಿದ್ರು ಕಣೇ. ಕಾಫಿ ತರಿಸಿದ್ರು."

ಅವಳು ಮೊರ ಕೆಳಗಿಟ್ಟಳು.

"ಕುಡುದ್ರಾ?"

ಚಿನ್ನಸ್ವಾಮಿ ಗೋಡೆಯ ಕಡೆ ತಿರುಗಿ ನಿಂತ. ಕುಡಿದಿದ್ದ.